ಚುಕ್ಕೆ ಇಲ್ಲದ ಪ್ರಶ್ನೆಗಳ ಕಾಲ

ಅಧಿವೇಶನ ಶುರುವಾಯಿತೆಂದರೆ ನಮ್ಮೂರಿನ ಹೋಟೆಲಿನಲ್ಲಿ ಪೇಪರು ಓದುವ ಕ್ರಮವೇ ಬದಲಾಗುತ್ತಿತ್ತು. ಎಪ್ಪತ್ತರ ದಶಕದ ಕೊನೆ, ಎಂಬತ್ತರ ಆರಂಭದ ಮಾತಿದು. ಬೆಂಗಳೂರಿನ ಪತ್ರಿಕೆ ಮಲೆನಾಡಿನ ನಮ್ಮ ಮೂಲೆಗೆ ತಲುಪಬೇಕಾದರೆ ಮಧ್ಯಾಹ್ನದ ಬಸ್ಸೇ ಬರಬೇಕು. ಮುಖಪುಟದ ದಪ್ಪಕ್ಷರದ ಗಲಾಟೆ ಆ ದಿನಗಳಲ್ಲಿ ಯಾರಿಗೂ ಬೇಡ. ಒಳಪುಟದ ಕೆಳಮೂಲೆಯಲ್ಲಿ, ಸಣ್ಣ ಅಚ್ಚಿನಲ್ಲಿ, ಸಚಿವರು ಲಿಖಿತ ಉತ್ತರದಲ್ಲಿ ತಿಳಿಸಿದ್ದಾರೆ ಎಂದು ಮುಗಿಯುವ ಮೂರು ನಾಲ್ಕು ಸಾಲಿನ ಸುದ್ದಿಗಳಿರುತ್ತಿದ್ದವಲ್ಲ, ಅವನ್ನು ಹುಡುಕುತ್ತಿದ್ದರು. ವೈದ್ಯರಿಲ್ಲದ ಆಸ್ಪತ್ರೆಗಳು ಇಷ್ಟು, ಕಟ್ಟಡವಿಲ್ಲದ ಶಾಲೆಗಳು ಇಷ್ಟು, ಕರೆಂಟು ಕಾಣದ ಹಳ್ಳಿಗಳು ಇಷ್ಟು. ಅದರಲ್ಲಿ ನಮ್ಮ ತಾಲ್ಲೂಕಿನ ಹೆಸರು ಕಂಡರೆ ಗಲ್ಲಾದಲ್ಲಿ ಕೂತ ಭಟ್ಟರು ಎಲ್ಲರಿಗೂ ಕೇಳುವ ಹಾಗೆ ಓದುತ್ತಿದ್ದರು. "ನಮ್ಮ ಗೋಳು ವಿಧಾನಸೌಧದ ತನಕ ಹೋಯ್ತು ಮಾರಾಯ್ರೆ" ಎಂದು ಯಾರೋ ನಗುತ್ತಿದ್ದರು. ನಗೆಯಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು. ರಾತ್ರಿ ಆಕಾಶವಾಣಿಯಲ್ಲಿ ಕಲಾಪದ ಸಮೀಕ್ಷೆ ಬರುವ ಹೊತ್ತಿಗೆ ಮನೆಯಲ್ಲಿ ಮಕ್ಕಳು ಬಾಯಿ ಮುಚ್ಚಿಕೊಂಡಿರಬೇಕು.

ಈಗಿನವರಿಗೆ ಇದನ್ನು ಕೊಂಚ ಬಿಡಿಸಿ ಹೇಳಬೇಕು. ಶಾಸಕರು ಸದನದಲ್ಲಿ ಕೇಳುವ ಪ್ರಶ್ನೆ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರ ಹೇಳಬೇಕು. ಅದರ ಮೇಲೆ ಉಪಪ್ರಶ್ನೆ ಬರುತ್ತದೆ, ಮಾತಿಗೆ ಮಾತು ಬೆಳೆಯುತ್ತದೆ, ಮರುದಿನ ಪತ್ರಿಕೆಗೆ ಒಳ್ಳೆಯ ಸರಕಾಗುತ್ತದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರಹದಲ್ಲಿ ಉತ್ತರ ಕೊಟ್ಟು ಸದನದ ಮುಂದಿಟ್ಟರೆ ಮುಗಿಯಿತು. ಯಾರೂ ಎದ್ದು ನಿಲ್ಲುವುದಿಲ್ಲ, ಯಾರೂ ಮೇಜು ಕುಟ್ಟುವುದಿಲ್ಲ. ನೋಡುವವರಿಗೆ ಬಲು ಸಪ್ಪೆ. ಆದರೆ ಹೋಬಳಿ, ತಾಲ್ಲೂಕುಗಳಲ್ಲಿ ಫ್ಯಾನಿನ ಕೆಳಗೆ ಕೂತವರನ್ನು ಎಬ್ಬಿಸಿ ಕೆಸರಿಗೆ ಇಳಿಸುತ್ತಿದ್ದುದು ಈ ಸಪ್ಪೆ ಪ್ರಶ್ನೆಯೇ. ಅಪ್ಪಯ್ಯ ಬಿ.ಡಿ.ಓ. ಕಚೇರಿಯಲ್ಲಿ ಗುಮಾಸ್ತರಾಗಿದ್ದರಿಂದ ನಾನು ಅದನ್ನು ಮನೆಯ ಜಗಲಿಯಿಂದಲೇ ನೋಡಿ ಬೆಳೆದವನು.

ಆಗಿನ ನಮ್ಮ ಶಾಸಕರು ವಿರೋಧ ಪಕ್ಷದವರು. ದೊಡ್ಡ ಮಾತುಗಾರರೇನಲ್ಲ. ಸಂತೆಯ ದಿನ ಬಸ್ಸಿಳಿದು ನೇರ ಭಟ್ಟರ ಹೋಟೆಲಿಗೆ ಬಂದು ಕೂರುತ್ತಿದ್ದರು. ಜುಬ್ಬಾದ ಜೇಬಿನಲ್ಲಿ ರಬ್ಬರ್‌ಬ್ಯಾಂಡ್ ಹಾಕಿದ ಹಳೆಯ ಡೈರಿ. ವೀಳ್ಯದೆಲೆ ಮಾರುವವಳು, ಭತ್ತದ ಗಾಡಿಯವನು, ವರ್ಗಾವಣೆಗೆ ಬಂದ ಮೇಷ್ಟ್ರು, ಎಲ್ಲರ ಮಾತೂ ಅದರೊಳಗೆ ಹೋಗುತ್ತಿತ್ತು. ಯಾರಾದರೂ "ನಮ್ಮೂರ ದನದ ಆಸ್ಪತ್ರೆಗೆ ಡಾಕ್ಟರಿಲ್ಲ" ಎಂದರೆ, "ಯಾವತ್ತಿಂದ ಇಲ್ಲ?" ಎಂದು ಮರುಪ್ರಶ್ನೆ. "ತುಂಬ ದಿನದಿಂದ" ಎಂದರೆ ಒಪ್ಪುತ್ತಿರಲಿಲ್ಲ. ದೀಪಾವಳಿಯ ಮೊದಲೋ ಆಮೇಲೋ ಎಂದು ಗಟ್ಟಿಯಾಗಿ ಕೇಳಿ ಬರೆದುಕೊಳ್ಳುತ್ತಿದ್ದರು. ಮುಂದಿನ ಅಧಿವೇಶನಕ್ಕೆ ಆ ಡೈರಿಯ ಪುಟಗಳೇ ಪ್ರಶ್ನೆಗಳಾಗುತ್ತಿದ್ದವು.

ಈ ಚಾಳಿ ನಮ್ಮ ಸೀಮೆಗೆ ಹೊಸದಲ್ಲ. 1951ರ ಕಾಗೋಡು ಸತ್ಯಾಗ್ರಹದ ಗೇಣಿದಾರರ ಜೊತೆ ನಿಂತ ಶಾಂತವೇರಿ ಗೋಪಾಲಗೌಡರು ಮರುವರ್ಷವೇ ಶಾಸನಸಭೆಗೆ ಹೋದವರು. ಅವರು ಅಲ್ಲಿ ಆಡಿದ ಮಾತುಗಳನ್ನು ನಮ್ಮ ಕಡೆಯ ಹಿರಿಯರು ಕಥೆ ಹೇಳುವ ಹಾಗೆ ಹೇಳುತ್ತಿದ್ದರು. ದೇವರಾಜ ಅರಸರ ಕಾಲಕ್ಕೆ 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದು, ಉಳುವವರು ಫಾರಂ 7 ತುಂಬಿ ಭೂನ್ಯಾಯ ಮಂಡಳಿಯ ಬಾಗಿಲಲ್ಲಿ ಕೂತ ವರ್ಷಗಳಲ್ಲಂತೂ ಪ್ರಶ್ನೆಗಳಿಗೆ ಬರವಿರಲಿಲ್ಲ. ಎಷ್ಟು ಅರ್ಜಿ ಬಂದಿವೆ, ಎಷ್ಟು ತೀರ್ಮಾನವಾಗಿವೆ, ಎಷ್ಟು ಬಾಕಿ, ಬಾಕಿಗೆ ಕಾರಣವೇನು. ಎದುರಿನ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರ ಕೋಣೆಯ ದೀಪ ಉರಿಯುತ್ತಿದ್ದರೆ ಭೂನ್ಯಾಯ ಮಂಡಳಿಯ ಪ್ರಶ್ನೆ ಬಂದಿದೆ ಎಂದು ರಸ್ತೆಯಲ್ಲಿ ಹೋಗುವವರಿಗೂ ತಿಳಿಯುತ್ತಿತ್ತು.

ಕಚೇರಿಯಲ್ಲಿ ಅದಕ್ಕೆ ಎಲ್.ಎ.ಕ್ಯೂ. ಎಂದೇ ಹೆಸರು. ಮೇಲ್ಮನೆಯಿಂದ ಬಂದರೆ ಎಲ್.ಸಿ.ಕ್ಯೂ. ಶಾಸಕರು ಕೊಟ್ಟ ಸೂಚನೆಯನ್ನು ಸಭಾಧ್ಯಕ್ಷರು ಒಪ್ಪಿ, ಅದು ಇಲಾಖೆಯ ಸಚಿವಾಲಯಕ್ಕೆ ಹೋಗಿ, ಅಲ್ಲಿಂದ ಇಲಾಖಾ ಮುಖ್ಯಸ್ಥರು, ಜಿಲ್ಲೆ, ಉಪವಿಭಾಗ ಎಂದು ಮೆಟ್ಟಿಲಿಳಿದು ನಮ್ಮೂರಿಗೆ ಬರುವ ಹೊತ್ತಿಗೆ ಕೈಯಲ್ಲಿ ಉಳಿಯುತ್ತಿದ್ದುದು ಎರಡೋ ಮೂರೋ ದಿನ. ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ ‘ಅತಿ ಜರೂರು’. ಅದು ಬಂದ ದಿನ ಅಪ್ಪಯ್ಯ ಊಟಕ್ಕೆ ಮನೆಗೆ ಬರುತ್ತಿರಲಿಲ್ಲ. ಅಮ್ಮ ನನ್ನ ಕೈಯಲ್ಲಿ ಬುತ್ತಿ ಕಳಿಸುತ್ತಿದ್ದಳು.

ಒಂದು ಪ್ರಶ್ನೆ ನನಗೆ ಈಗಲೂ ಬಾಯಿಪಾಠ. (ಅ) ಈ ತಾಲ್ಲೂಕಿನಲ್ಲಿ ಮಳೆಗಾಲದಲ್ಲಿ ಶಾಲಾ ಮಕ್ಕಳು ಹಳ್ಳ ದಾಟಲು ಕಾಲುಸಂಕಗಳನ್ನು ಅವಲಂಬಿಸಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಅಂತಹ ಕಾಲುಸಂಕಗಳ ಸಂಖ್ಯೆ ಎಷ್ಟು? (ಇ) ಕಳೆದ ಮಳೆಗಾಲದಲ್ಲಿ ಕೊಚ್ಚಿಹೋದವು ಎಷ್ಟು? (ಈ) ಅವುಗಳ ಜಾಗದಲ್ಲಿ ಶಾಶ್ವತ ಸೇತುವೆ ನಿರ್ಮಿಸಲು ಸರ್ಕಾರ ಕೈಗೊಂಡಿರುವ ಕ್ರಮಗಳೇನು?

ಮೊದಲನೆಯದಕ್ಕೂ ಕೊನೆಯದಕ್ಕೂ ಕುರ್ಚಿ ಬಿಟ್ಟೇಳದೆ ಉತ್ತರ ಬರೆಯಬಹುದು. ನಡುವಿನ ಎರಡಕ್ಕೆ ಹಾಗಾಗದು. ಕಾಲುಸಂಕಕ್ಕೆ ಯಾವ ರಿಜಿಸ್ಟರಿನಲ್ಲೂ ಜಾಗವಿರಲಿಲ್ಲ. ಸರ್ಕಾರ ಕಟ್ಟಿದ್ದಾದರೆ ಲೆಕ್ಕದಲ್ಲಿ ಇರುತ್ತದೆ. ಇವು ಊರವರೇ ಅಡಿಕೆ ಮರ ಸೀಳಿ, ಬಿದಿರು ಕೂಡಿಸಿ, ಬಳ್ಳಿಯಿಂದ ಬಿಗಿದು, ವರ್ಷ ವರ್ಷ ಹೊಸದಾಗಿ ಹಾಕಿಕೊಳ್ಳುತ್ತಿದ್ದವು. ಹಳ್ಳ ತುಂಬಿದಾಗ ಹೋಗುತ್ತಿದ್ದವು. ಎಣಿಸುವುದು ಯಾರು?

ಗ್ರಾಮಸೇವಕರನ್ನೆಲ್ಲ ಕರೆಸಿ ಬೆಳಗಾಗುವುದರೊಳಗೆ ಒಬ್ಬೊಬ್ಬರನ್ನು ಒಂದೊಂದು ದಿಕ್ಕಿಗೆ ಅಟ್ಟಿದರು. ಆಗುಂಬೆ ಕಡೆಯ ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಜೀಪು ಇದ್ದದ್ದು ಒಂದೇ, ಅದೂ ಹಾದಿ ಇರುವ ತನಕ. ಮರುದಿನ ಸಂಜೆ ಅವರೆಲ್ಲ ಒಬ್ಬೊಬ್ಬರಾಗಿ ಕಂಬಳಿಕೊಪ್ಪೆ ಕೊಡವಿಕೊಂಡು, ಕಾಲಿನ ಉಂಬಳ ಕಿತ್ತುಕೊಂಡು, ಕಚೇರಿಯ ಜಗಲಿ ಹತ್ತಿದ್ದನ್ನು ನಾನು ಬುತ್ತಿ ಹಿಡಿದು ನಿಂತು ನೋಡಿದ್ದೇನೆ. ಹಳೆಯ ಲಗ್ನಪತ್ರಿಕೆಯ ಹಿಂಬದಿ, ಸಿಗರೇಟು ಪ್ಯಾಕಿನ ಒಳಮೈ, ಎಲ್ಲೆಲ್ಲೋ ಬರೆದ ಪಟ್ಟಿ. ಯಾವ ಹಳ್ಳ, ಯಾರ ಮನೆಯ ಹಿಂದೆ, ಎಷ್ಟು ಮಾರು ಉದ್ದ, ಎಷ್ಟು ಮಕ್ಕಳು ದಾಟುತ್ತಾರೆ. ಒಬ್ಬರ ಪಟ್ಟಿಯಲ್ಲಿ ಒಂದೇ ಮರದ ದಿಮ್ಮಿಯೂ ಸೇರಿತ್ತು. ಅದು ಸಂಕವೋ ಬರೀ ದಿಮ್ಮಿಯೋ ಎಂದು ಚರ್ಚೆ ಎದ್ದಿತು. ಹಿಡಿದುಕೊಳ್ಳಲು ಕೈತಾಂಗು ಇಲ್ಲದ್ದನ್ನು ಸಂಕ ಎನ್ನಲಾಗದು ಎಂದರು ಓವರ್ಸಿಯರ್. ಗ್ರಾಮಸೇವಕರು ಬಿಡಲಿಲ್ಲ. "ಸಾರ್, ಎರಡನೇ ಕ್ಲಾಸಿನ ಹುಡುಗಿ ಸ್ಲೇಟು ಹಿಡ್ಕೊಂಡು ಅದರ ಮೇಲೇ ಬರ್ತದೆ. ನಾನು ಕಣ್ಣಾರೆ ನೋಡಿ ಬಂದೆ." ದಿಮ್ಮಿ ಪಟ್ಟಿಯಲ್ಲಿ ಉಳಿಯಿತು.

ಆ ರಾತ್ರಿ ಕಾರ್ಬನ್ನಿಟ್ಟು ಅದನ್ನೆಲ್ಲ ಬೆರಳಚ್ಚು ಮಾಡಿದರು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ನಡುವೆ ಉದ್ದಕ್ಕೆ ಗೆರೆ. ಗೆರೆ ಮಾತ್ರ ಅಪ್ಪಯ್ಯ ಸ್ಕೇಲಿಟ್ಟು ಕೈಯಿಂದಲೇ ಎಳೆಯುತ್ತಿದ್ದರು. ಮೆಷಿನ್ನಿನ ಗೆರೆ ಅವರ ಕಣ್ಣಿಗೆ ಸೊಟ್ಟ. ಪೋಸ್ಟಿಗೆ ಹಾಕಿದರೆ ತಲುಪದು ಎಂದು ಮುದ್ದಾಂ ಆಗಿ ಜವಾನನ ಕೈಯಲ್ಲೇ ರಾತ್ರಿ ಬಸ್ಸಿಗೆ ಕಳಿಸಿದರು. ಅವನು ಲಕೋಟೆಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು, ಅದರ ಮೇಲೆ ಸ್ವೆಟರ್ ಹಾಕಿ, ಸಾಕ್ಷಾತ್ ಸರ್ಕಾರವನ್ನೇ ಹೊತ್ತವನ ಗತ್ತಿನಲ್ಲಿ ಬಸ್ಸು ಹತ್ತಿದ.

ಹಾಗಂತ ಆ ಕಾಲವನ್ನು ಪೂರಾ ಹೊಗಳಿ ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಉತ್ತರ ಮೇಲೆ ಹೋಗುತ್ತ ಹೋಗುತ್ತ ಸವೆಯುತ್ತಿತ್ತು. ಪುಟಗಟ್ಟಲೆ ಪಟ್ಟಿ ಬೆಂಗಳೂರು ತಲುಪುವಾಗ ಒಂದು ಅಂಕಿ. ಕ್ರಮದ ಪ್ರಶ್ನೆಗೆ, ಅನುದಾನದ ಲಭ್ಯತೆಗೆ ಅನುಗುಣವಾಗಿ ಪರಿಶೀಲಿಸಲಾಗುವುದು ಎಂಬ ಒಂದು ಸಾಲು. ಆ ಸಂಕಗಳಲ್ಲಿ ಕೆಲವಕ್ಕೆ ಸಿಮೆಂಟು ಕಂಡದ್ದು ವರ್ಷಗಳಾದ ಮೇಲೆ, ಕೆಲವಕ್ಕೆ ಕಂಡೇ ಇಲ್ಲ. ಗ್ರಾಮಸೇವಕರಿಗೆ ಆ ಓಡಾಟಕ್ಕೆ ಭತ್ಯೆ ಸಿಕ್ಕಿತೋ ಇಲ್ಲವೋ, ನನಗೆ ಅನುಮಾನ. ಹೊಗೆಯಾಡುವ ಲಾಟೀನಿನ ಬೆಳಕಲ್ಲಿ ಅಂಕಿ ತಾಳೆ ನೋಡಿ ನೋಡಿ ಅಪ್ಪಯ್ಯನ ಕಣ್ಣು ಬೇಗ ಹೋಯಿತು. ಪ್ರಶ್ನೆ ಕೇಳಿದ ಊರಿನವರಿಗೆ ಉತ್ತರ ಸಿಗಬೇಕಾದರೆ ಶಾಸಕರೇ ಬಂದು ಹೇಳಬೇಕಿತ್ತು, ಇಲ್ಲವೇ ಪತ್ರಿಕೆಯವರು ದಯೆ ತೋರಬೇಕಿತ್ತು.

ಆದರೂ ಅಪ್ಪಯ್ಯ ಆ ಪಟ್ಟಿಯ ಕಾರ್ಬನ್ ಪ್ರತಿಯನ್ನು ಕಡತಕ್ಕೆ ಹಾಕಿ, ಲಾಡಿ ಕಟ್ಟಿ, ಬೀರುವಿನಲ್ಲಿಟ್ಟರು. ಅಲ್ಲಿಂದಾಚೆಗೆ ಕಾಲುಸಂಕದ ಸುದ್ದಿ ನಮಗೆ ಗೊತ್ತಿರಲಿಲ್ಲ ಎಂದು ಆ ಕಚೇರಿ ಹೇಳುವಂತಿರಲಿಲ್ಲ. ಮುಂದಿನ ವರ್ಷ ಇನ್ನೊಬ್ಬ ಬಿ.ಡಿ.ಓ. ಬಂದಾಗ ಮೊದಲು ತೆಗೆಸಿ ನೋಡಿದ ಕಡತಗಳಲ್ಲಿ ಅದೂ ಒಂದು. ಏಕೆಂದರೆ ಡೈರಿಯ ಶಾಸಕರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿಯೇ ಕೇಳುತ್ತಾರೆ, ಕಳೆದ ಸಲದ ಅಂಕಿಯನ್ನು ಪಕ್ಕದಲ್ಲಿಟ್ಟುಕೊಂಡು.

ದೊಡ್ಡ ಸಂಗತಿಗಳೂ ಹೀಗೆ ಸಣ್ಣ ಪ್ರಶ್ನೆಗಳಿಂದ ಬಿಚ್ಚಿಕೊಂಡದ್ದುಂಟು. 1957ರಲ್ಲಿ ಜೀವವಿಮಾ ನಿಗಮದ ಹಣ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರಿಗೆ ಹೋಗಿದೆಯೇ ಎಂದು ಲೋಕಸಭೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಸರ್ಕಾರ ಕೊಟ್ಟ ಉತ್ತರ ಕೇಳಿದವರಿಗೆ ತೃಪ್ತಿಯಾಗಲಿಲ್ಲ. ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿ ಅದನ್ನು ಹಿಡಿದು ಜಗ್ಗಿದರು. ಛಾಗ್ಲಾ ಆಯೋಗದ ವಿಚಾರಣೆಯಾಯಿತು, 1958ರಲ್ಲಿ ಅರ್ಥಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ನಮ್ಮ ಮೈಸೂರಿನಲ್ಲಂತೂ ಇನ್ನೂ ಹಿಂದೆ, ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುಮಾಡಿದಾಗ, ದಸರೆಗೆ ಬಂದ ಪ್ರತಿನಿಧಿಗಳು ತಂತಮ್ಮ ಸೀಮೆಯ ಅಹವಾಲುಗಳನ್ನು ದಿವಾನರ ಮುಂದಿಡುತ್ತಿದ್ದರು. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಆದರೂ ಊರಿನ ದೂರು ಹೊತ್ತು ಮೈಸೂರಿಗೆ ಹೋಗುವುದನ್ನು ಅವರು ಬಿಡಲಿಲ್ಲ.

ಈಗ ಅಧಿಕಾರವೆಲ್ಲ ಇದೆ, ಸದನ ಸೇರುವುದಕ್ಕೇ ಬಿಡುವಿಲ್ಲ. ವರ್ಷಕ್ಕೆ 60 ದಿನವಾದರೂ ಕಲಾಪ ನಡೆಯಬೇಕೆಂದು ನಮ್ಮ ರಾಜ್ಯವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿತು. ಮಾಡಿದವರೇ ಅದನ್ನು ಮರೆತಿದ್ದಾರೆ. ಸೇರಿದ ದಿನಗಳಲ್ಲೂ ಪ್ರಶ್ನೋತ್ತರ ವೇಳೆಗೆ ಸರಿಯಾಗಿ ಬಾವಿಗಿಳಿದು ಧರಣಿ ಕೂರುತ್ತಾರೆ. ಕೂಗಾಟದ ನಡುವೆಯೇ ಉತ್ತರಗಳನ್ನು ಮಂಡಿಸಿದ್ದಾಯಿತು ಎಂದು ಮುಗಿಸುತ್ತಾರೆ. ಕೊರೋನಾದ ವರ್ಷ, 2020ರ ಸೆಪ್ಟೆಂಬರಿನಲ್ಲಿ, ಸಂಸತ್ತು ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟು ಚುಕ್ಕೆ ಇಲ್ಲದ ಪ್ರಶ್ನೆಗಳಿಗೆ ಮಾತ್ರ ಉತ್ತರ ಕೊಟ್ಟಿತು. ಅಷ್ಟಾದರೂ ಉಳಿಯಿತಲ್ಲ ಎಂದು ನನ್ನಂಥವನು ಸಮಾಧಾನ ಪಟ್ಟುಕೊಂಡದ್ದೂ ಹೌದು. ಅದಕ್ಕೂ ಮೊದಲು, 2005ರ ಡಿಸೆಂಬರಿನಲ್ಲಿ, ಪ್ರಶ್ನೆ ಕೇಳಲು ಹಣ ಪಡೆದರೆಂದು 11 ಸಂಸದರನ್ನು ಸಂಸತ್ತು ಹೊರಹಾಕಿದಾಗ ಅಪ್ಪಯ್ಯ ಪೇಪರು ಮಡಿಸಿಟ್ಟು, "ಪ್ರಶ್ನೆಗೂ ರೇಟು ಬಂತಾ?" ಎಂದದ್ದು ಬಿಟ್ಟರೆ ಇಡೀ ದಿನ ಮಾತಾಡಲಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಆಗ ಹೋಟೆಲಿನ ಭಟ್ಟರು ಓದಿದ್ದಷ್ಟೇ ಉತ್ತರ. ಈಗ ವಿಧಾನಸಭೆಯ ಜಾಲತಾಣದಲ್ಲಿ ಉತ್ತರಗಳ ಪ್ರತಿ ಸಿಗುತ್ತದೆ, ದನ ಮೇಯಿಸುವ ಹುಡುಗನೂ ಗುಡ್ಡದ ಮೇಲೆ ಕೂತು ಓದಬಹುದು. ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲೆ ಶಾಸಕರನ್ನು ಕಾಯುವ ಕೆಲಸವೂ ಇಲ್ಲ, ಹತ್ತು ರೂಪಾಯಿ ಕಟ್ಟಿ ನಾವೇ ಕೇಳಬಹುದು. ಆ ಕಾಯ್ದೆಯಲ್ಲಿ ಒಂದು ಚೆಂದದ ಮಾತಿತ್ತು. ಸಂಸತ್ತಿಗೋ ವಿಧಾನಮಂಡಲಕ್ಕೋ ಇಲ್ಲ ಎನ್ನಲಾಗದ ಮಾಹಿತಿಯನ್ನು ಸಾಮಾನ್ಯ ಮನುಷ್ಯನಿಗೂ ಇಲ್ಲ ಎನ್ನುವಂತಿಲ್ಲ ಎಂದು. ಶಾಸಕನ ಪ್ರಶ್ನೆಯ ಪಕ್ಕದಲ್ಲೇ ನಮ್ಮನ್ನೂ ಕೂರಿಸಿದ ಮಾತದು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಆ ಕಲಮನ್ನು ತಿದ್ದುವಾಗ ಅದನ್ನು ತೆಗೆದುಹಾಕಿತು. ಹೆಚ್ಚು ಗದ್ದಲವೇನೂ ಆಗಲಿಲ್ಲ.

ನನ್ನ ತಮ್ಮನ ಮಗಳು ಈಗ ಒಂದು ಪಂಚಾಯಿತಿಯಲ್ಲಿ ಪಿಡಿಒ. ಹಬ್ಬಕ್ಕೆ ಬಂದವಳು ಕೋಸಂಬರಿ ಕಲಸುತ್ತಲೇ ಒಂದು ಕಣ್ಣು ಮೊಬೈಲಿನ ಮೇಲಿಟ್ಟಿದ್ದಳು. ವಾಟ್ಸಾಪ್ ಗುಂಪಿನಲ್ಲಿ ಎಲ್‌ಎಕ್ಯೂ ಬಂದಿದೆ, ಸಂಜೆ ಐದರೊಳಗೆ ಶೀಟು ತುಂಬಬೇಕು. ಆ ಮೂರಕ್ಷರ ಕೇಳಿ ನನಗೆ ಮೈಯೆಲ್ಲ ಕಿವಿಯಾಯಿತು. ನೋಡಿದರೆ ಕಳೆದ ಮೂರು ವರ್ಷಗಳಲ್ಲಿ ಮಂಜೂರಾದ ಅನುದಾನ ಎಷ್ಟು, ಖರ್ಚಾದದ್ದು ಎಷ್ಟು, ಕಾಮಗಾರಿವಾರು, ಪಂಚಾಯಿತಿವಾರು, ಸಂಪೂರ್ಣ ವಿವರ ನೀಡುವುದು. ಇಡೀ ರಾಜ್ಯಕ್ಕೆ ಒಂದೇ ಪ್ರಶ್ನೆ.

"ಇದಕ್ಕೆ ನೀನು ಸ್ಥಳಕ್ಕೆ ಹೋಗ್ಬೇಕಾ?" ಎಂದೆ.

"ಯಾಕೆ ದೊಡ್ಡಪ್ಪ? ಎಲ್ಲ ಸಿಸ್ಟಮ್ಮಲ್ಲೇ ಇರ್ತದೆ. ಹೋದ ಅಧಿವೇಶನದಲ್ಲೂ ಇದನ್ನೇ ಕೇಳಿದ್ರು. ಆ ಶೀಟಿಗೆ ಈ ವರ್ಷದ್ದೊಂದು ಸೇರಿಸಿದ್ರೆ ಆಯ್ತು."

ಅವಳು ಸೋಮಾರಿಯಲ್ಲ. ಅಪ್ಪಯ್ಯನ ಇಡೀ ಕಚೇರಿ ಮಾಡುತ್ತಿದ್ದಷ್ಟು ಕೆಲಸವನ್ನು ಒಬ್ಬಳೇ ಮಾಡುತ್ತಾಳೆ. ಅವಳ ಮೊಬೈಲಿನಲ್ಲಿ ಪಂಚಾಯಿತಿಯ ಪ್ರತಿ ಚರಂಡಿಯ, ಪ್ರತಿ ಮೋರಿಯ ಫೋಟೊ ಇದೆ. ಅಕ್ಷಾಂಶ ರೇಖಾಂಶದ ಸಮೇತ, ತೆಗೆದ ಗಂಟೆ ನಿಮಿಷದ ಸಮೇತ. ಅಪ್ಪಯ್ಯ ಕಂಡಿದ್ದರೆ ಕೈಮುಗಿಯುತ್ತಿದ್ದರು. ಕಾಲುಸಂಕದ್ದು ಇದೆಯೇ ಎಂದು ಕೇಳಿದೆ. ಇದೆ, ಹೊಸದಾಗಿ ಕಟ್ಟಿದ ಎರಡರದ್ದು ತೋರಿಸಿದಳು. ಕಟ್ಟದೆ ಉಳಿದವು? ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. "ಕೆಲಸ ಮಂಜೂರಾದ್ರೆ ಮಾತ್ರ ಫೋಟೊ ದೊಡ್ಡಪ್ಪ. ಇಲ್ಲದ್ದಕ್ಕೆ ಎಂತ ಫೋಟೊ?"

ನನಗೆ ಅಲ್ಲೇ ಹೊಳೆಯಿತು. ಡೈರಿಯ ಶಾಸಕರು ಕೇಳುತ್ತಿದ್ದುದೆಲ್ಲ ಇಲ್ಲದ್ದರ ಬಗ್ಗೆ. ಡಾಕ್ಟರಿಲ್ಲದ ಆಸ್ಪತ್ರೆ, ಸೂರಿಲ್ಲದ ಶಾಲೆ, ಕೊಚ್ಚಿಹೋದ ಸಂಕ. ಸರ್ಕಾರದ ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಿದಾಗ ಮಾತ್ರ ಸರ್ಕಾರ ಪುಸ್ತಕ ಮುಚ್ಚಿಟ್ಟು ಹಳ್ಳದ ದಂಡೆಗೆ ಹೋಗಬೇಕಾಗುತ್ತದೆ. ಈಗಿನ ಪ್ರಶ್ನೆಗಳು ಇಲಾಖೆಯ ಬಳಿ ಮೊದಲೇ ಇರುವುದನ್ನೇ ಕೇಳುತ್ತವೆ, ಇಲಾಖೆ ಅದನ್ನೇ ಅನುಬಂಧ ಮಾಡಿ ಕೊಡುತ್ತದೆ. ನೂರಾರು ಪುಟದ ಅನುಬಂಧ. ಸ್ಕ್ಯಾನು ಮಾಡುವಾಗ ಅರ್ಧ ಓರೆಯಾಗಿ, ಅಂಕಿಗಳು ಅಂಚಿನಾಚೆಗೆ ಜಾರಿಹೋದ ಪುಟಗಳು. ಕೇಳಿದವರು ಓದುತ್ತಾರೆಯೇ ಎಂಬ ಸಂಶಯ ನನಗಿದೆ. ಪ್ರಶ್ನೆಯನ್ನು ಬರೆದವರೇ ಅವರಲ್ಲ, ಆಪ್ತ ಸಹಾಯಕರು.

ಇದನ್ನು ಉಡಾಫೆಯಿಂದ ಹೇಳುತ್ತಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ಮದುವೆಮನೆಯಲ್ಲಿ ನಮ್ಮ ಈಗಿನ ಶಾಸಕರು ಸಿಕ್ಕಿದ್ದರು. ಒಳ್ಳೆಯ ಮನುಷ್ಯ, ಕೈಹಿಡಿದು ಮಾತಾಡಿಸಿದರು. ಪಂಕ್ತಿ ಏಳುವ ಗಡಿಬಿಡಿಯಲ್ಲೇ ಕಾಲುಸಂಕದ ಸಂಗತಿ ಹೇಳಿದೆ. "ಖಂಡಿತ ಕೇಳೋಣ ಸಾರ್, ಹುಡುಗನಿಗೆ ವಾಟ್ಸಾಪ್ ಮಾಡಿಬಿಡಿ" ಎಂದು ಪಕ್ಕದಲ್ಲಿದ್ದವನನ್ನು ತೋರಿಸಿದರು. ಮನೆಗೆ ಬಂದು, ಅಪ್ಪಯ್ಯ ಎಳೆಯುತ್ತಿದ್ದ ಗೆರೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಹಳೆಯ ಕ್ರಮದಲ್ಲೇ ಬರೆದೆ. (ಅ) ಗಮನಕ್ಕೆ ಬಂದಿದೆಯೇ, (ಆ) ಎಷ್ಟು, (ಇ) ಕೊಚ್ಚಿಹೋದವು ಎಷ್ಟು, (ಈ) ಕ್ರಮವೇನು. ಕಳಿಸಿದೆ.

ಎರಡು ದಿನ ಬಿಟ್ಟು ಆ ಹುಡುಗನೇ ಫೋನು ಮಾಡಿದ. ಬಲು ವಿನಯ. "ಸಾರ್, ನೋಡಿದೆ, ಚೆನ್ನಾಗಿದೆ. ಒಂದೇ ಡೌಟು. ಇದರಲ್ಲಿ ಅನುದಾನದ ವಿಷಯ ಏನೂ ಇಲ್ಲವಲ್ಲ. ಮೂರು ವರ್ಷದಲ್ಲಿ ಎಷ್ಟು ಬಂತು, ಎಷ್ಟು ಖರ್ಚಾಯ್ತು ಅಂತ ಒಂದು ಸಾಲು ಹಾಕಲಾ?"

ಹಾಕಪ್ಪ, ಆದರೆ (ಆ) ಮತ್ತು (ಇ) ಮಾತ್ರ ತೆಗೆಯಬೇಡ ಎಂದೆ.

"ಅದಕ್ಕೆ ಡೇಟಾ ಇರಲ್ಲ ಸಾರ್" ಎಂದ.